ಸುಟ್ಟ ಗೋಡೌನು, ಒಂದು ಡಬ್ಬಿ ಬಿಳಿ ಪುಡಿ

ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲಿ ಕುದಿಯುತ್ತದೆ, ಸ್ವಾಮಿ? ಸಮುದ್ರದ ದಂಡೆಯಲ್ಲಿ ಕುದಿಯಬಹುದು. ಶ್ರೀರಂಗಪಟ್ಟಣದಲ್ಲಿ ಅದು ತೊಂಬತ್ತೆಂಟು ಮುಟ್ಟುವ ಮೊದಲೇ ಕೊತಕೊತ ಅನ್ನುತ್ತದೆ. ನಾಗಮಂಗಲದ ಕಡೆ ಎತ್ತರಕ್ಕೆ ಹೋದರೆ ಇನ್ನೂ ಒಂಚೂರು ಮೊದಲೇ. ಲ್ಯಾಬಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಕುದಿಯುವ ನೀರಿನ ಆವಿಯಲ್ಲಿ ಥರ್ಮಾಮೀಟರ್ ಹಿಡಿದರೆ ನೂರು ತೋರಿಸುತ್ತಿರಲಿಲ್ಲ. ಥರ್ಮಾಮೀಟರೇ ಕಳ್ಳ ಎಂದು ಅದನ್ನು ಎಸೆದು ಇನ್ನೊಂದು ತೆಗೆದೆ. ಅದೂ ಅಷ್ಟೇ. ಮಾರಿದ ಅಂಗಡಿಯವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ನಮ್ಮ ಮೇಲಿನವರು ನಗುತ್ತಾ ಬಂದು, ಊರು ಎತ್ತರದಲ್ಲಿದೆ ಕಣಮ್ಮ, ಗಾಳಿಯ ಒತ್ತಡ ಕಡಿಮೆ ಎಂದು ಬಿಡಿಸಿ ಹೇಳಿದರು. ನಾಚಿಕೆಯಾಯಿತು, ಆದರೆ ಅಂಗಡಿಯವನ ಮೇಲಿನ ಗುಮಾನಿ ಪೂರ್ತಿ ಹೋಗಲಿಲ್ಲ.

ಅದು ನನ್ನ ಹುಟ್ಟುಗುಣ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ತಕ್ಕಡಿಯ ತಳ ನೋಡುತ್ತೇನೆ. ಹಾಲು ಬಂದರೆ ಮೂಸುತ್ತೇನೆ. ‘ಮದುವೆಯಾಗುವಾಗ ನೀನು ನನ್ನನ್ನೂ ಕಾಯಿಸಿ ನೋಡಿದ್ದೆ ಅನ್ಸುತ್ತೆ’ ಎಂದು ನನ್ನ ಗಂಡ ರೇಗಿಸುತ್ತಾರೆ. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಆ ಸಣ್ಣ ಖಾಸಗಿ ಲ್ಯಾಬಿನಲ್ಲಿ ನಾನು ಇಷ್ಟು ವರ್ಷ ಉಳಿದದ್ದೂ ಈ ಗುಣದಿಂದಲೇ. ಸುತ್ತಮುತ್ತಲ ಫ್ಯಾಕ್ಟರಿಗಳು ಎಣ್ಣೆ, ಥಿನ್ನರು, ಬಗೆಬಗೆಯ ಪುಡಿ ಕಳಿಸುತ್ತವೆ. ದ್ರವವಾದರೆ ಎಷ್ಟು ಡಿಗ್ರಿಗೆ ಕುದಿಯಲು ಶುರುವಾಗುತ್ತದೆ, ಎಷ್ಟಕ್ಕೆ ಮುಗಿಯುತ್ತದೆ ಎಂದು ನೋಡಬೇಕು. ಪುಡಿಯಾದರೆ ಎಷ್ಟು ಕಾವಿನವರೆಗೆ ತನ್ನ ಪಾಡಿಗೆ ತಾನಿರುತ್ತದೆ, ಯಾವಾಗ ಕೆಟ್ಟು ಕೆರಳುತ್ತದೆ ಎಂದು ನೋಡಬೇಕು. ಯಾರು ಏನೇ ಹೇಳಿ ಕಳಿಸಲಿ, ಡಬ್ಬಿಯ ಮೇಲೆ ಬರೆದದ್ದನ್ನು ನಂಬುವ ಹಾಗಿಲ್ಲ. ನನಗೆ ಇದಕ್ಕಿಂತ ಒಗ್ಗುವ ಕೆಲಸ ಸಿಗುತ್ತಿರಲಿಲ್ಲ.

ನನ್ನ ತವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನನ್ನ ಅಣ್ಣ ಆಲೆಮನೆ ನಡೆಸುತ್ತಾನೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಒಂದು ಬಿಳಿ ಪುಡಿ ಹಾಕುತ್ತಾರೆ. ಹೈಡ್ರೋಸ್ ಅನ್ನುತ್ತಾರೆ. ಅದನ್ನು ಹಾಕಿದರೆ ಬೆಲ್ಲ ಹಳದಿಗೆ, ನೋಡಲು ಚೆನ್ನಾಗಿ ಬರುತ್ತದೆ. ತಿನ್ನುವವರ ಹೊಟ್ಟೆಗೆ ಒಳ್ಳೆಯದಲ್ಲ ಎಂದು ನಾನು ಅಣ್ಣನ ಜೊತೆ ಪ್ರತಿ ವರ್ಷ ಜಗಳವಾಡುತ್ತೇನೆ. ‘ಕಪ್ಪು ಬೆಲ್ಲ ತಕ್ಕೊಳೋರ್ನ ನೀನೇ ಕರ್ಕೊಂಡ್ ಬಾ, ಅಂಗೇ ಮಾಡ್ತೀನಿ’ ಅನ್ನುತ್ತಾನೆ. ಜಗಳ ಅಲ್ಲಿಗೆ ನಿಲ್ಲುತ್ತದೆ.

ಆಲೆಮನೆಯ ಗಾಣ ಒಂದು ಕಾಲಕ್ಕೆ ನಮ್ಮಪ್ಪ, ಚಿಕ್ಕಪ್ಪ ಇಬ್ಬರದೂ ಆಗಿತ್ತು. ಪಾಲಾದಾಗ ಗಾಣ ನಮ್ಮ ಕಡೆ ಬಂತು, ಕಾಲುವೆ ಮೇಲಿನ ಒಳ್ಳೆಯ ಗದ್ದೆ ಚಿಕ್ಕಪ್ಪನ ಕಡೆ ಹೋಯಿತು. ಈಗ ಆ ಇಬ್ಬರು ಹಿರಿಯರೂ ಇಲ್ಲ, ಅವ್ವ ಅಣ್ಣನ ಜೊತೆಗಿದ್ದಾಳೆ. ಚಿಕ್ಕಪ್ಪನ ಮಗ ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಾನೆ, ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಪಾಲಾದರೂ ಒಂದು ಪದ್ಧತಿ ಮಾತ್ರ ತಪ್ಪಿರಲಿಲ್ಲ. ಆಯುಧಪೂಜೆಯ ದಿನ ಗಾಣದ ಮುಂದೆ ಬೂದುಗುಂಬಳ ಒಡೆಯುವುದು ಚಿಕ್ಕಪ್ಪನ ಮನೆಯವರೇ.

ಒಂದು ವರ್ಷ ಹಬ್ಬದ ಹಿಂದಿನ ವಾರ ಕಾಲುವೆ ನೀರಿನ ಸರದಿಗೆ ಅಣ್ಣನಿಗೂ ಅವನಿಗೂ ಮಾತು ಬೆಳೆದಿತ್ತು. ಅಣ್ಣ ಹಟಮಾರಿ. ಪೂಜೆಗೆ ಅವನನ್ನು ಕರೆಯಲಿಲ್ಲ, ಕುಂಬಳಕಾಯಿ ತಾನೇ ಒಡೆದ. ಚಿಕ್ಕಪ್ಪನ ಮಗ ಕರೆಯದಿದ್ದರೂ ಬಂದಿದ್ದನಂತೆ. ಬೇಲಿಯ ಆಚೆ ನಿಂತು, ಒಡೆದ ಕಾಯಿ ನೋಡಿ, ‘ಉರ್ದೋಗ್ಲಿ ಬುಡು ಈ ಗಾಣ!’ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದು ಹೋದನಂತೆ. ಹಬ್ಬಕ್ಕೆಂದು ತವರಿಗೆ ಬಂದಿದ್ದ ನಾನು ಆಗ ಮನೆಯಲ್ಲಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಇದೆಲ್ಲ ಆಮೇಲೆ ಕೇಳಿದ್ದು.

ಊಟಕ್ಕೆ ಕೂತಿದ್ದೆವು. ಎರಡನೇ ಒಬ್ಬಟ್ಟಿಗೆ ತುಪ್ಪ ಬೀಳುವಷ್ಟರಲ್ಲಿ ಬೀದಿಯಲ್ಲಿ ಕೂಗು. ಆಲೆಮನೆ ಕಡೆಯಿಂದ ಹೊಗೆ. ಎಂಜಲು ಕೈಯಲ್ಲೇ ಎಲ್ಲರೂ ಓಡಿದೆವು. ಗಾಣಕ್ಕೆ ಏನೂ ಆಗಿರಲಿಲ್ಲ, ಪಕ್ಕದ ಶೀಟಿನ ಗೋಡೌನು ಧಗಧಗ ಉರಿಯುತ್ತಿತ್ತು. ಒಳಗಿದ್ದದ್ದು ಗೋಣಿಚೀಲ, ಬೆಲ್ಲದ ಅಚ್ಚು, ಪೈಪಿನ ಸುರುಳಿ, ಹಳೆಯ ಬೆಲ್ಟು, ಒಂದು ಡ್ರಮ್ಮು ಹೈಡ್ರೋಸ್. ಗಂಟಲು ಕಟ್ಟುವ ಕೆಟ್ಟ ವಾಸನೆ. ಪೈಪು ಬೆಲ್ಟು ಸುಟ್ಟ ವಾಸನೆ ಎಂದುಕೊಂಡು ನಾನು ಸೆರಗು ಮೂಗಿಗೆ ಹಿಡಿದೆ. ಊರವರು ಮೋಟರು ಹಾಕಿ ನೀರು ಬಿಟ್ಟು ಆರಿಸುವ ಹೊತ್ತಿಗೆ ನಾಲ್ಕು ಕರೀ ಗೋಡೆ ಉಳಿದಿತ್ತು. ಚಿಕ್ಕಪ್ಪನ ಮಗನೂ ಓಡಿ ಬಂದು ಕೊಡ ಎತ್ತಿದ್ದ. ಅಣ್ಣ ಅವನ ಕೈಯಿಂದ ಕೊಡ ಕಿತ್ತು ಎಸೆದ.

‘ಅಚ್ಚೋನೂ ನೀನೇ, ಆರ್ಸೋನೂ ನೀನೇಯಾ? ಓಗ್ಲಾ ಅತ್ಲಾಗೆ!’

‘ಅಣ್ಣ, ನಾನ್ಯಾಕ್ ಅಚ್ಲಿ? ನಿಂಗೇನ್ ತಲೆ ಕೆಟ್ಟೈತಾ?’

‘ಉರ್ದೋಗ್ಲಿ ಅಂದೋರ್ ಯಾರ್ಲಾ? ನಿಮ್ಮಪ್ಪನಾ?’

ಅಲ್ಲಿಂದ ಮಾತು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಅವತ್ತು ಆಲೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಹಬ್ಬದ ದಿನ ಹಚ್ಚುವುದಿಲ್ಲ. ಗೋಡೌನಿಗೆ ಕರೆಂಟು ಇರಲೇ ಇಲ್ಲ. ಹಾಗಾದರೆ ಬೆಂಕಿ ಆಕಾಶದಿಂದ ಬಿತ್ತೇ? ನನಗೂ ಅನುಮಾನ ಉಳಿಯಲಿಲ್ಲ. ಬಾಯಿಬಿಟ್ಟು ಶಾಪ ಹಾಕಿ ಹೋದವನು, ಬೀಡಿ ಸೇದುವವನು, ಮನೆಗೆ ಹೋಗುವ ದಾರಿ ಗೋಡೌನಿನ ಹಿಂದೆಯೇ. ಇನ್ನೇನು ಬೇಕು? ಅವನು ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೆ ಕೂತು ಬೆಳೆದವನು ಎಂಬುದು ನೆನಪಿಗೆ ಬಂತು. ಬಂದದ್ದಕ್ಕೆ ಸಿಟ್ಟೇ ಹೆಚ್ಚಾಯಿತು.

ಊರಿನ ಯಜಮಾನರು ಸೇರಿದರು. ಪೊಲೀಸು ಗಿಲೀಸು ಆಮೇಲೆ, ಮೊದಲು ಮುಂದಿನ ಸೋಮವಾರ ಸಾಯಂಕಾಲ ಮಾರಮ್ಮನ ಗುಡಿ ಮುಂದೆ ಆಣೆ ಮಾಡಲಿ ಎಂದರು. ನಮ್ಮೂರಲ್ಲಿ ಅದೇ ಕೊನೆಯ ಮಾತು. ಒದ್ದೆ ಬಟ್ಟೆಯಲ್ಲಿ ನಿಂತು, ಹಚ್ಚಿದ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, ನಾನು ಮಾಡಿಲ್ಲ ಅಂದರೆ ಮುಗಿಯಿತು. ಆಮೇಲೆ ಯಾರೂ ಬಾಯಿ ತೆಗೆಯುವ ಹಾಗಿಲ್ಲ. ಚಿಕ್ಕಪ್ಪನ ಮಗ ಒಪ್ಪಲಿಲ್ಲ. ಅವನ ಹೆಂಡತಿ ಬಸುರಿ. ಎಷ್ಟೋ ವರ್ಷದ ಮೇಲೆ ನಿಂತದ್ದು. ಬಸುರಿ ಇರುವ ಮನೆಯವರು ಆಣೆ ಇಡಬಾರದು, ನಿಜ ಹೇಳಿ ಇಟ್ಟರೂ ಹೊಟ್ಟೆಯಲ್ಲಿರುವುದಕ್ಕೆ ತಟ್ಟುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ‘ಹೆರ್ಗೆ ಆಗ್ಲಿ, ಎಷ್ಟ್ ಆಣೆ ಬೇಕಾದ್ರೂ ಇಕ್ತೀನಿ’ ಎಂದ.

‘ಒಳ್ಳೆ ನೆಪ ಸಿಕ್ತು ನೋಡು’ ಎಂದ ಅಣ್ಣ. ಊರಿಗೂ ಹಾಗೇ ಅನ್ನಿಸಿತು. ಸೋಮವಾರ ಆಣೆ ಇಡದಿದ್ದರೆ ಬೆಂಕಿ ಇಟ್ಟವನು ಅವನೇ ಎಂದು ತೀರ್ಮಾನ, ಅಣ್ಣ ಸ್ಟೇಷನ್ನಿಗೆ ಕಂಪ್ಲೇಂಟು ಕೊಡುವುದು, ಡೇರಿ ಕೆಲಸದಿಂದ ಅವನನ್ನು ಇಳಿಸುವುದು ಎಂದು ಮಾತಾಯಿತು. ಬೆಂಕಿ ಇಡುವವನ ಕೈಗೆ ಊರಿನ ಹಾಲು ಹೇಗೆ ಕೊಡುವುದು ಎಂದು ಕೇಳಿದರು. ಅವನ ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದಲೇ. ಅವನ ಹೆಂಡತಿ ಹೊಸಿಲಲ್ಲಿ ಹೊಟ್ಟೆ ಹಿಡಿದು ನಿಂತಿದ್ದಳು. ನಾನು ಅತ್ತ ನೋಡದೆ ಬಸ್ಸು ಹತ್ತಿದೆ.

ಹತ್ತುವ ಮೊದಲು ಒಂದು ಕೆಲಸ ಮಾಡಿದ್ದೆ. ಸುಟ್ಟ ಗೋಡೌನಿಗೆ ಹೋಗಿ ನಾಲ್ಕು ಕಡೆಯ ಬೂದಿ, ಮಣ್ಣು ಕೆರೆದು ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಸೀಮೆಎಣ್ಣೆಯೋ ಪೆಟ್ರೋಲೋ ಸುರಿದಿದ್ದರೆ ನನ್ನ ಕೈಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಆ ಹುಡುಗನನ್ನು ಉಳಿಸಲು ನಾನು ಈ ಕೆಲಸಕ್ಕೆ ಕೈ ಹಾಕಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಯಾವ ಬಾಯಿಯಲ್ಲಿ ಇಲ್ಲ ಅನ್ನುತ್ತಾನೋ ನೋಡೋಣ ಎಂದು ಹಲ್ಲು ಕಚ್ಚಿಕೊಂಡು ಹೊರಟದ್ದು.

ಲ್ಯಾಬಿನ ಕೆಲಸ ಮುಗಿದ ಮೇಲೆ ಮೇಲಿನವರನ್ನು ಕೇಳಿಕೊಂಡು ಬೂದಿಯನ್ನು ನೀರಿನ ಜೊತೆ ಗಾಜಿನ ಬುರುಡೆಗೆ ಹಾಕಿ ಕುದಿಸಿದೆ. ಎಣ್ಣೆಯ ಅಂಶ ಇದ್ದರೆ ಆವಿಯ ಜೊತೆ ಏರಿ, ತಣ್ಣನೆಯ ಕೊಳವೆಯಲ್ಲಿ ಇಳಿದು, ನೀರಿನ ಮೇಲೆ ಪದರ ಕಟ್ಟಬೇಕು. ಒಂದೊಂದು ತೊಟ್ಟು ಬೀಳುವಾಗಲೂ ಬಗ್ಗಿ ನೋಡಿದೆ. ಕಾಮನಬಿಲ್ಲಿನ ಬಣ್ಣದ ಒಂದು ಎಳೆಯೂ ಇಲ್ಲ. ಮೂಸಿದೆ, ಬರೀ ಸುಟ್ಟ ವಾಸನೆ. ಎರಡನೇ ಡಬ್ಬಿ ಹಾಕಿದೆ. ಮೂರನೆಯದು. ಉಹೂಂ. ಬೇರೆ ಯಾರಾದರೂ ಆಗಿದ್ದರೆ ಸೀಮೆಎಣ್ಣೆ ಸುರಿದಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು. ನಾನು, ಪೂರ್ತಿ ಉರಿದುಹೋಗಿರಬೇಕು, ಅಥವಾ ಬೀಡಿಯಲ್ಲೇ ಕೆಲಸ ಮುಗಿಸಿರಬೇಕು ಎಂದುಕೊಂಡೆ.

ಒಂದು ವಿಷಯ ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬೂದಿ ಕೆರೆಯುವಾಗ ನೋಡಿದ್ದೆ, ಗೋಡೌನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಬಾಗಿಲ ಕಡೆಯಲ್ಲ, ಡ್ರಮ್ಮು ಇದ್ದ ಒಳಮೂಲೆ. ಹೊರಗಿನಿಂದ ಬೀಡಿ ಎಸೆದರೆ ಅಲ್ಲಿಯವರೆಗೆ ಹೇಗೆ ಹೋಗುತ್ತದೆ? ಆಗ ನನ್ನ ತಲೆ ಇನ್ನೊಂದು ದಾರಿ ಹಿಡಿಯಿತು. ಡೇರಿಯಲ್ಲಿ ಹಾಲು ಪರೀಕ್ಷೆಗೆ ಆಸಿಡ್ಡು ಗೀಸಿಡ್ಡು ಇರುತ್ತದೆ. ಅವನಿಗೆ ಅದರ ಅಭ್ಯಾಸ ಉಂಟು. ಪುಡಿಗೆ ಏನಾದರೂ ಬೆರೆಸಿದನೋ?

ಅಣ್ಣನಿಗೆ ಫೋನು ಮಾಡಿದೆ. ಹಬ್ಬಕ್ಕೆ ಸ್ವಲ್ಪ ಮೊದಲು ಕೆ.ಆರ್. ಪೇಟೆಯಿಂದ ತಂದ ಹೊಸ ಡ್ರಮ್ಮು ಅದು, ಅದರಿಂದ ದಿನದ ಬಳಕೆಗೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಕೊಪ್ಪರಿಗೆ ಪಕ್ಕದ ಗೂಡಿನಲ್ಲಿ ಇಟ್ಟದ್ದು ಹಾಗೇ ಇದೆ ಎಂದ. ಪಾಂಡವಪುರದಿಂದ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಅದರಲ್ಲಿ ಒಂದು ಪಾಲು ಕಟ್ಟಿಸಿ ಕಳಿಸಿದ.

ಬಂದ ಪುಡಿಯನ್ನು ಚೂರೇ ಚೂರು ತೆಗೆದು ಗಾಜಿನ ನಳಿಕೆಗೆ ಹಾಕಿ, ಎಣ್ಣೆಯ ಪಾತ್ರೆಯಲ್ಲಿಟ್ಟು ನಿಧಾನ ಕಾಯಿಸಿದೆ. ನಳಿಕೆಯೊಳಗೊಂದು ಥರ್ಮಾಮೀಟರು, ಎಣ್ಣೆಯಲ್ಲೊಂದು. ಪುಡಿ ಒಳ್ಳೆಯದಾದರೆ ಎರಡೂ ಜೊತೆಜೊತೆಗೇ ಏರುತ್ತವೆ. ಕೆಡಲು ಶುರುವಾದರೆ ಒಳಗಿನದು ಹೊರಗಿನದನ್ನು ಹಿಂದೆ ಹಾಕಿ ಓಡುತ್ತದೆ. ಏರಿದವು, ಜೊತೆಯಲ್ಲೇ. ಕೊಪ್ಪರಿಗೆಯ ಬೆಲ್ಲದ ಪಾಕ ಇಳಿಸುವಷ್ಟು ಕಾವು ದಾಟಿದ ಮೇಲೂ ಪುಡಿ ಗಲಾಟೆ ಮಾಡಲಿಲ್ಲ. ಅದಕ್ಕೂ ಎಷ್ಟೋ ಮೇಲೆ ಹೋದ ಮೇಲೆ ಒಮ್ಮೆಲೇ ಒಳಗಿನ ಪಾದರಸ ಚಂಗನೆ ನೆಗೆಯಿತು. ನಳಿಕೆಯಲ್ಲಿ ಹಳದಿ ಪಸೆ, ಗಂಧಕದ ಘಾಟು. ಇನ್ನೊಮ್ಮೆ ಮಾಡಿದೆ. ಅದೇ ಉತ್ತರ. ಹಾಗಾದರೆ ಪುಡಿಗೆ ಯಾರೂ ಏನೂ ಬೆರೆಸಿಲ್ಲ. ಅಷ್ಟು ಕಾವು ಶೀಟಿನ ಗೋಡೌನಿನಲ್ಲಿ ಎಷ್ಟೇ ಬಿಸಿಲಿದ್ದರೂ ಬರಲಾರದು. ಪುಡಿಯ ತಪ್ಪಿಲ್ಲ ಅಂದರೆ ಮನುಷ್ಯನ ತಪ್ಪು. ನನಗೆ ಒಂಥರಾ ಸಮಾಧಾನವೇ ಆಯಿತು, ಯಾಕೆ ಸುಳ್ಳು ಹೇಳಲಿ.

ಉಳಿದ ಪುಡಿಯಿದ್ದ ತಟ್ಟೆಯನ್ನು ಆಮೇಲೆ ತೊಳೆದರಾಯಿತೆಂದು ಸಿಂಕಿನ ಅಂಚಿನಲ್ಲಿಟ್ಟು ಕಾಫಿಗೆ ಹೋದೆ. ನಮ್ಮ ಲ್ಯಾಬಿನ ನಲ್ಲಿ ಸದಾ ತೊಟ್ಟಿಕ್ಕುತ್ತದೆ, ಎಷ್ಟು ಸಲ ಹೇಳಿದರೂ ರಿಪೇರಿಯಿಲ್ಲ. ವಾಪಸು ಬಂದು ಬಾಗಿಲು ತೆಗೆದರೆ ಅದೇ ವಾಸನೆ! ಗಂಟಲು ಕಟ್ಟುವ, ಕಣ್ಣಲ್ಲಿ ನೀರು ತರಿಸುವ, ಹಬ್ಬದ ದಿನ ಸೆರಗು ಮೂಗಿಗೆ ಹಿಡಿಸಿದ ಅದೇ ವಾಸನೆ. ತಟ್ಟೆಯಿಂದ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಒಲೆಯಿಲ್ಲ, ದೀಪವಿಲ್ಲ, ಏನೂ ಇಲ್ಲ. ಮುಟ್ಟಲು ಹೋಗಿ ಬೆರಳು ಚುರ್ರೆಂದಿತು. ‘ಅಯ್ಯೋ ನನ್ನ ಮೂದೇವಿ ಬುದ್ಧಿಯೇ’ ಎಂದು ನನಗೆ ನಾನೇ ಬೈದುಕೊಂಡೆ.

ಕಿಟಕಿಯೆಲ್ಲ ತೆರೆದು, ಕನ್ನಡಕ ಹಾಕಿ, ಈಗ ಬೇಕೆಂದೇ ಮಾಡಿದೆ. ಒಂದು ಬೋಗುಣಿಗೆ ಪುಡಿ ಗುಡ್ಡೆ ಹಾಕಿ, ನಡುವೆ ಥರ್ಮಾಮೀಟರು ನಿಲ್ಲಿಸಿ, ಮೇಲೆ ನಾಲ್ಕು ಹನಿ ನೀರು. ಕಾಯಿಸಲಿಲ್ಲ. ಮೊದಲು ಏನೂ ಇಲ್ಲ. ಆಮೇಲೆ ಪಾದರಸ ಮೆಲ್ಲನೆ ಕದಲಿತು. ಯಾರೂ ಕಾಯಿಸದೆ, ತಾನೇ ಏರುತ್ತಾ ಏರುತ್ತಾ, ಕೊನೆಗೆ ನೋಡುನೋಡುತ್ತಿದ್ದಂತೆ ಓಡಿಬಿಟ್ಟಿತು. ಪುಡಿಯೇ ಒಲೆಯಾಗಿತ್ತು. ಹೆಚ್ಚು ನೀರು ಬಿದ್ದರೆ ಕರಗಿ ಹೋಗುತ್ತದೆ. ಸ್ವಲ್ಪ ಒದ್ದೆಯಾಗಿ, ಮುಚ್ಚಿಟ್ಟ ಹಾಗೆ ಇದ್ದರೆ ಒಳಗೇ ಕಾವು ಕೂಡಿಕೊಂಡು ಪಕ್ಕದಲ್ಲಿರುವುದನ್ನೆಲ್ಲ ಹೊತ್ತಿಸುತ್ತದೆ.

ಇಷ್ಟಾದರೂ ನನಗೆ ಚಿಕ್ಕಪ್ಪನ ಮಗನ ಮೇಲೆ ಕರುಣೆ ಬರಲಿಲ್ಲ. ಹಬ್ಬದ ದಿನ ಮಳೆ ಬಂದಿರಲಿಲ್ಲ. ಶೀಟಿನಲ್ಲಿ ತೂತಿಲ್ಲ ಎಂದು ಅಣ್ಣ ಫೋನಿನಲ್ಲಿ ಆಣೆ ಮಾಡಿ ಹೇಳಿದ. ಹಾಗಾದರೆ ನೀರು ಎಲ್ಲಿಂದ ಬಂತು? ಒಳಗೆ ನುಗ್ಗಿ ಅವನೇ ಒಂದು ಚೊಂಬು ಸುರಿದಿರಬೇಕು! ಡೇರಿಯವನು, ಎಲ್ಲ ತಿಳಿದುಕೊಂಡೇ ಮಾಡಿದ್ದಾನೆ, ಕಿಲಾಡಿ. ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಊರಿಗೆ ಹೋದೆ.

ಅವ್ವ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ.

‘ಅವ್ವ, ಗೋಡೌನಿಗೆ ಹಬ್ಬದ ದಿನ ಯಾರ್ಯಾರು ಹೋಗಿದ್ರು?’

‘ಯಾರ್ ಓದಾರು? ನಾನೇ ಓಗಿದ್ದೆ. ನಿಮ್ಮಣ್ಣ ಗಾಣ ತೊಳ್ದು ನಾಮ ಇಕ್ಕಿ ಸಾಕು ಅಂದ. ಒಳ್ಗಿರೋ ಸಾಮಾನೆಲ್ಲ ದೇವ್ರಲ್ವಾ? ನಾನೇ ಗುಡ್ಸಿ, ಬಿಂದ್ಗೇಲಿ ನೀರ್ ತಕ್ಕೊಂಡೋಗಿ ಎಲ್ಲಾನೂ ತೊಳ್ದೆ. ಅಚ್ಚು, ಗುದ್ಲಿ, ಮಚ್ಚು, ಎಲ್ಲ.’

ನನ್ನ ಕೈ ನಿಂತಿತು.

‘ಡ್ರಮ್ಮು?’

‘ಅದ್ನ ಬುಟ್ಬುಡಕ್ಕಾಯ್ತದಾ? ಬೆಲ್ಲ ಬೆಳ್ಳಗ್ ಮಾಡಾದೇ ಅದು. ಮುಚ್ಳ ಬಿರ್ಕು ಬುಟ್ಟಿತ್ತು, ಗೋಣಿ ಒದ್ಸಿದ್ರು. ಮೇಲಿಂದ ಎರ್ಡ್ ಚೊಂಬು ಉಯ್ದು, ವಿಭೂತಿ ಬಳ್ದು, ಕುಂಕುಮ ಇಕ್ಕಿ, ಚೆಂಡೂವಿನ ಹಾರಾನೂ ಹಾಕ್ದೆ. ಎಷ್ಟ್ ಲಕ್ಷಣ್ವಾಗಿತ್ತು ಗೊತ್ತಾ? ಬೆಕ್ಕು ಬಂದು ಎಡೆ ಮುಟ್ಬಾರ್ದು ಅಂತ ಕದ ಹಾಕ್ಕೊಂಡ್ ಬಂದೆ.’

ಅವ್ವನ ಮುಖದಲ್ಲಿ ಹೆಮ್ಮೆಯಿತ್ತು. ಎಂಥ ಹೊಸ ಲೋಕದ ಪುಡಿಯಾದರೂ ಮನೆಯ ದುಡಿಮೆಗೆ ಸೇರಿದ ಮೇಲೆ ನಮ್ಮವರಿಗೆ ಅದು ಆಯುಧವೇ. ಆಯುಧವಾದ ಮೇಲೆ ಅದಕ್ಕೂ ಸ್ನಾನ ಆಗಲೇಬೇಕು. ಬಸ್ಸು, ಟ್ರಾಕ್ಟರು, ಮಿಕ್ಸಿ ಎಲ್ಲವನ್ನೂ ತೊಳೆಯುವ ಊರಿನಲ್ಲಿ ಒಂದು ಡ್ರಮ್ಮು ಯಾಕೆ ಒಣಗಿರಬೇಕು? ನಾನು ಅವರೆಕಾಯಿ ಬಿಟ್ಟು ಎದ್ದೆ. ಅಳು ಬಂತು, ಅವ್ವನಿಗೆ ತೋರಿಸಲಿಲ್ಲ.

ಅಣ್ಣ ಆಲೆಮನೆಯಲ್ಲಿದ್ದ. ಎಲ್ಲ ಹೇಳಿದೆ. ಅವನು ನೆಲ ನೋಡುತ್ತಾ ನಿಂತ. ‘ಬುಡು ಕಣಮ್ಮಿ, ಯಾರ್ಗೂ ಯೋಳ್ಬ್ಯಾಡ’ ಅಂದ.

‘ಏನು ಹೇಳಬೇಡ? ನಾಳೆ ಅವನನ್ನು ಗುಡಿ ಮುಂದೆ ನಿಲ್ಲಿಸ್ತೀರಲ್ಲ?’

‘ಅವ್ವನ ಕೈಯಿಂದ್ಲೇ ಬೆಂಕಿ ಬಿತ್ತು, ಅದೂ ಪೂಜೆ ಮಾಡಿ ಅಂತ ಊರ್ಗೆ ಯೋಳ್ಲಾ? ಆಡ್ಕೊಂಡ್ ನಗ್ತಾರೆ. ಅವ್ವ ಬದ್ಕಿರಾಕಿಲ್ಲ.’

‘ಅವನ ಹೆಂಡ್ತಿ ಹೊಟ್ಟೇಲಿರೋದು?’

‘ಆಣೆ ಇಕ್ಬುಡ್ಲಿ, ಮುಗೀತದೆ. ಅವ್ನು ಮಾಡಿಲ್ವಲ್ಲ, ಏನಾದದು?’

ನನಗೆ ಎಲ್ಲಿತ್ತೋ ಸಿಟ್ಟು. ‘ನಿನಗೆ ಮೊದಲೇ ಗೊತ್ತಿತ್ತಾ?’ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಒದ್ದೆ ಮಾಡಬೇಡಿ, ಗಟ್ಟಿಯಾಗಿಬಿಡುತ್ತದೆ ಎಂದು ಮಾತ್ರ ಪೇಟೆಯ ಅಂಗಡಿಯಲ್ಲಿ ಹೇಳಿದ್ದರು, ಬೆಂಕಿಯ ಮಾತು ಯಾರೂ ಎತ್ತಲಿಲ್ಲ ಎಂದ. ಹೇಳುವಾಗ ನನ್ನ ಕಣ್ಣು ನೋಡಲಿಲ್ಲ. ನಿಜವೋ ಸುಳ್ಳೋ ನನಗೆ ಇವತ್ತಿಗೂ ತಿಳಿಯದು. ಆ ಗುಮಾನಿ ಇಟ್ಟುಕೊಂಡೇ ನಾನು ಪ್ರತಿ ವರ್ಷ ಅವನಿಗೆ ಬಾಗಿನದ ಸೀರೆಗೆ ಥ್ಯಾಂಕ್ಸು ಹೇಳುತ್ತೇನೆ.

ಸೋಮವಾರ ರಜೆ ಹಾಕಿದೆ. ಗುಡಿಯ ಮುಂದೆ ಊರೇ ಸೇರಿತ್ತು. ಅವ್ವನೂ ಬಂದು ಹೆಂಗಸರ ಜೊತೆ ಕೂತಿದ್ದಳು. ಚಿಕ್ಕಪ್ಪನ ಮಗ ಹೊಂಗೆ ಮರದ ಕೆಳಗೆ ನಿಂತಿದ್ದ, ಬಟ್ಟೆ ಒಣಗಿತ್ತು, ಆಣೆಗೆ ಬಂದವನ ಹಾಗೆ ಇರಲಿಲ್ಲ. ಮುಖ ಬಾಡಿತ್ತು. ಯಜಮಾನರು ಮಾತು ಶುರುಮಾಡುವ ಮೊದಲೇ ನಾನು ಮುಂದೆ ಹೋಗಿ ಕಬ್ಬಿಣದ ಬಾಂಡ್ಲಿ ಇಟ್ಟೆ. ಗೂಡಿನ ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಗುಡ್ಡೆ ಸುರಿದೆ. ಮೇಲೆ ಗೋಣಿತಾಟು ಹೊದಿಸಿ, ಚೊಂಬಿನಿಂದ ನೀರು ಚಿಮುಕಿಸಿದೆ. ಗೋಡೌನಿನ ಡ್ರಮ್ಮಲ್ಲಿದ್ದ ಪುಡಿ ಇದೇ, ನೀರು ಬಿದ್ದರೆ ತಾನೇ ಹತ್ತಿಕೊಳ್ಳುತ್ತೆ, ಎಲ್ಲರೂ ಗಾಳಿ ಬರುವ ಕಡೆಗೆ ಸರಿದು ದೂರ ನಿಲ್ಲಿ ಎಂದೆ.

ಏನೂ ಆಗಲಿಲ್ಲ.

‘ಏನವ್ವಾ ಇದು, ಬೆಂಕಿ ಆರ್ಸಕ್ಕೆ ನೀರ್ ಉಯ್ತಾರೆ, ನೀನು ಅಚ್ಚಕ್ಕೆ ಉಯ್ತಿದ್ದೀಯಲ್ಲ’ ಎಂದು ಒಬ್ಬ ಹಿರಿಯರು ನಕ್ಕರು. ಹಿಂದೆ ಯಾರೋ ಕಿಸಕ್ಕೆಂದರು. ನೀರು ಹೆಚ್ಚಾಯಿತೋ? ಪುಡಿ ಮೊದಲೇ ಕೆಟ್ಟಿತ್ತೋ? ಅಣ್ಣ ಬೇರೆ ಪುಡಿ ತುಂಬಿಸಿಬಿಟ್ಟನೋ? ಹೀಗೆಲ್ಲ ಯೋಚಿಸುತ್ತಾ ನಿಂತಿರುವಾಗ ತಾಟಿನ ನಡುವಿನಿಂದ ತೆಳುವಾಗಿ ಹೊಗೆ ಎದ್ದಿತು. ನಗು ನಿಂತಿತು. ಹೊಗೆ ದಪ್ಪವಾಯಿತು. ಘಾಟಿಗೆ ಮುಂದಿದ್ದವರು ಕೆಮ್ಮುತ್ತಾ ಹಿಂದೆ ಸರಿದರು. ಗೋಣಿ ಕಂದಿ, ಕಪ್ಪಾಗಿ, ಅಂಚಿನಲ್ಲಿ ಕೆಂಡ ಕಂಡಿತು. ಒಂದು ಸಣ್ಣ ಗಾಳಿ ಬೀಸಿದ್ದೇ ತಡ, ಬೊಗ್ಗನೆ ಉರಿ ಹತ್ತಿತು.

ನಾನು ಮತ್ತೆ ಬಾಯಿ ತೆಗೆಯುವ ಮೊದಲೇ ಅವ್ವ ಎದ್ದು ನಿಂತಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಉರಿಯನ್ನು ನೋಡಿ ಅವಳಿಗೇ ಹೊಳೆಯಿತು.

‘ನಾನೇ ಕಣ್ರಪ್ಪಾ! ನೀರ್ ಉಯ್ದೋಳು ನಾನು. ಗೋಣಿ ಮ್ಯಾಲೆ ಉಯ್ದು ಕುಂಕುಮ ಇಕ್ದೋಳು ನಾನೇಯ. ಆ ಮಗ ಏನೂ ಮಾಡಿಲ್ಲ!’ ಎಂದು ಅಲ್ಲೇ ಮಣ್ಣಿನಲ್ಲಿ ಕುಸಿದು ಅಳತೊಡಗಿದಳು.

ಯಾರೂ ನಗಲಿಲ್ಲ. ಅಣ್ಣ ಹೆದರಿದ್ದು ಸುಳ್ಳಾಯಿತು. ಯಜಮಾನರು ತಮ್ಮತಮ್ಮಲ್ಲೇ ಪಿಸುಗುಟ್ಟಿ, ಆಣೆ ಬೇಡ, ಡೇರಿ ಮಾತೂ ಬೇಡ, ಎಲ್ಲರೂ ಮನೆಗೆ ಹೋಗಿ ಎಂದರು. ಚಿಕ್ಕಪ್ಪನ ಮಗ ಬಂದು ಅವ್ವನ ರಟ್ಟೆ ಹಿಡಿದು ಎತ್ತಿದ. ‘ಎದ್ದೇಳು ದೊಡ್ಡವ್ವ, ನಿಂಗೆ ಗೊತ್ತಾಗ್ದೆ ಆಗಿದ್ದು. ಅಳ್ಬ್ಯಾಡ’ ಎಂದು ಸೆರಗಿನ ಮಣ್ಣು ಕೊಡವಿದ. ಅಣ್ಣ ಅವನ ಹೆಗಲ ಮೇಲೆ ಕೈ ಇಡಲು ಹೋದ. ಅವನು ಸರಿದು ನಿಂತ.

ನನಗೆ ಖುಷಿ ತಡೆಯಲಾಗಲಿಲ್ಲ. ನಾನೇ ಉಳಿಸಿದೆ ಎಂಬ ಜಂಬವೂ ಇತ್ತು. ಜನ ಕರಗಿದ ಮೇಲೆ ಬಾಂಡ್ಲಿಗೆ ಮಣ್ಣು ಹಾಕುತ್ತಾ, ‘ನೋಡಿದೆಯಾ, ಅಕ್ಕ ಓದಿದ್ದು ಕೊನೆಗೂ ನಿನ್ನ ಕೆಲಸಕ್ಕೆ ಬಂತು’ ಎಂದೆ. ಅವನು ನನ್ನ ಎದುರು ಕುಕ್ಕರುಗಾಲಲ್ಲಿ ಕೂತ. ಅವನೂ ಒಂದು ಹಿಡಿ ಮಣ್ಣು ಹಾಕಿದ.

‘ಅಕ್ಕ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ಪುಡಿ ಅತ್ಕೊಳ್ದೆ ಇದ್ದಿದ್ರೆ?’

‘ಹತ್ತಿಕೊಳ್ಳುತ್ತೆ ಅಂತ ಗೊತ್ತಿತ್ತು ಕಣೋ. ಲ್ಯಾಬಲ್ಲಿ ನೋಡಿದ್ದೆನಲ್ಲ.’

‘ಪುಡಿ ವಿಚಾರ ನಿಂಗೆ ಗೊತ್ತಿತ್ತು’ ಎಂದ. ‘ನನ್ ವಿಚಾರ ಗೊತ್ತಿರ್ನಿಲ್ವಾ?’

ಉರಿ ಆರಿದ್ದರೂ ನಾನು ಇನ್ನೊಂದು ಹಿಡಿ ಮಣ್ಣು ಹಾಕಿದೆ. ಅವನು ಎದ್ದು, ಸಂಜೆಯ ಹಾಲಿನ ಹೊತ್ತಾಯಿತು, ಡೇರಿ ಬಾಗಿಲು ತೆಗೆಯಬೇಕು ಎಂದು ಹೋದ.

ಅವನಿಗೆ ಹೆಣ್ಣು ಮಗು ಆಯಿತು. ಕೇರಿಗೆಲ್ಲ ಮನೆಮನೆಗೂ ಹೋಗಿ ಸಕ್ಕರೆ ಹಂಚಿದನಂತೆ. ಅವ್ವನನ್ನು ಬೀದಿಯಲ್ಲೇ ನಿಲ್ಲಿಸಿ ಅವಳ ಕೈಗೂ ಹಾಕಿದನಂತೆ. ನಮ್ಮ ಮನೆಯ ಮೆಟ್ಟಿಲು ಮಾತ್ರ ಹತ್ತಲಿಲ್ಲ. ನನಗೆ ಫೋನೂ ಮಾಡಲಿಲ್ಲ.